ಔಷಧಿಗೆ ಸುಂಕವಿಲ್ಲ ಸರಿ, ರೇಡಿಯೇಶನ್ ಯಂತ್ರ ಎಲ್ಲಿ?

2023ರ ಸೆಪ್ಟೆಂಬರ್ 1ರಂದು ಅಮೆರಿಕದ ಗಾಯಕ ಜಿಮ್ಮಿ ಬಫೆಟ್ ತೀರಿಕೊಂಡಾಗ ಹಲವರು ಮೊದಲ ಸಲ ಕೇಳಿದ ಹೆಸರು ಮರ್ಕೆಲ್ ಸೆಲ್ ಕಾರ್ಸಿನೋಮಾ. ಇದು ಅಪರೂಪದ ಚರ್ಮದ ಕ್ಯಾನ್ಸರ್. ಅಮೆರಿಕದಲ್ಲೇ ವರ್ಷಕ್ಕೆ ಸುಮಾರು 3,000 ಜನರಿಗೆ ಬರುತ್ತದೆ. ಭಾರತದಲ್ಲಿ ಇನ್ನೂ ವಿರಳ. ನೋವೇ ಇಲ್ಲದ ಕೆಂಪು ಅಥವಾ ನೇರಳೆ ಗಂಟು, ಕೆಲವೇ ವಾರಗಳಲ್ಲಿ ಬೆಳೆದುಬಿಡುತ್ತೆ.

ಇದರ ಬಗ್ಗೆ ಬರೋ ಸುದ್ದಿಯೆಲ್ಲ ಹೊಸ ಔಷಧಿಗಳದ್ದೇ. 2017ರಲ್ಲಿ ಅಮೆರಿಕದ ಎಫ್‌ಡಿಎ ಅವೆಲುಮ್ಯಾಬ್‌ಗೆ ಒಪ್ಪಿಗೆ ಕೊಟ್ಟ ಮೇಲೆ, ದೇಹದ ಬೇರೆ ಕಡೆ ಹರಡಿದ ರೋಗಕ್ಕೂ ದಾರಿ ಸಿಕ್ಕಿತು ನಿಜ. ಆದರೆ ರೋಗ ಹರಡುವ ಮುಂಚೆ ಕಟ್ಟಿಹಾಕುವ ಕೆಲಸದಲ್ಲಿ ಹಳೆಯ ರೇಡಿಯೇಶನ್ ಪಾಲು ದೊಡ್ಡದು.

ಗಂಟನ್ನು ಕೊಯ್ದು ತೆಗೆದರೂ ಸುತ್ತಲಿನ ಚರ್ಮದಲ್ಲಿ, ಹತ್ತಿರದ ದುಗ್ಧಗ್ರಂಥಿಗಳಲ್ಲಿ ಕಣ್ಣಿಗೆ ಕಾಣದ ಕೋಶಗಳು ಉಳಿದಿರಬಹುದು. ಈ ಕೋಶಗಳಿಗೆ ರೇಡಿಯೇಶನ್ ತಡೆದುಕೊಳ್ಳುವ ಶಕ್ತಿ ಕಡಿಮೆ. ಡಿಎನ್‌ಎ ತುಂಡಾದರೆ ಅವು ಮತ್ತೆ ವಿಭಜನೆ ಆಗಲ್ಲ. ಹಾಗಾಗಿ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ 50ರಿಂದ 60 ಗ್ರೇ ಪ್ರಮಾಣವನ್ನು ಐದಾರು ವಾರಗಳಲ್ಲಿ ಹಂಚಿ ಕೊಡುತ್ತಾರೆ. ಅದೇ ಜಾಗದಲ್ಲಿ ರೋಗ ಮರುಕಳಿಸುವ ಸಾಧ್ಯತೆ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗೆ ರೇಡಿಯೇಶನ್ ಒಂದನ್ನೇ ಕೊಡುವುದೂ ಉಂಟು. ದೂರದ ಅಂಗಗಳಿಗೆ ಹರಡುವುದನ್ನು ಇದು ತಡೆಯುತ್ತೆ ಅನ್ನೋ ಖಾತ್ರಿ ಇಲ್ಲ. ಆದರೆ ಇಷ್ಟು ವೇಗದ ರೋಗದಲ್ಲಿ ಕಾಯುತ್ತಾ ಕೂತರೆ ನಷ್ಟ ರೋಗಿಗೇ.

ನನ್ನ ತಕರಾರು ಇರೋದು ನಮ್ಮ ಸರ್ಕಾರದ ಆದ್ಯತೆ ಬಗ್ಗೆ. 2025ರ ಕೇಂದ್ರ ಬಜೆಟ್ ಕ್ಯಾನ್ಸರ್ ಮತ್ತು ಅಪರೂಪದ ಕಾಯಿಲೆಗಳೂ ಸೇರಿದಂತೆ ಗಂಭೀರ ರೋಗಗಳ 36 ಜೀವರಕ್ಷಕ ಔಷಧಿಗಳಿಗೆ ಮೂಲ ಸೀಮಾಸುಂಕ ತೆಗೆದುಹಾಕಿತು. ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ, 2025-26ರಲ್ಲೇ 200 ಎಂದಿತು. ಎರಡೂ ಒಳ್ಳೆಯವೇ. ಆದರೆ ಡೇ ಕೇರ್ ಅಂದರೆ ಮುಖ್ಯವಾಗಿ ಕಿಮೋ ಡ್ರಿಪ್ ಹಾಕಿ ಸಂಜೆ ಮನೆಗೆ ಕಳಿಸೋದು. ಅಲ್ಲಿ ರೇಡಿಯೇಶನ್ ಸಿಗಲ್ಲ.

ಎಂಜಿನಿಯರಿಂಗ್ ಓದಿದ ನನಗೆ ಇದರ ಹಿಂದಿನ ಲೆಕ್ಕ ಅರ್ಥವಾಗುತ್ತದೆ. ಔಷಧಿಯನ್ನು ಕೊರಿಯರ್‌ನಲ್ಲಿ ಕಳಿಸಬಹುದು. ಯಂತ್ರಕ್ಕೆ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ, ಪರಮಾಣು ಇಂಧನ ನಿಯಂತ್ರಣ ಮಂಡಳಿಯ ಪರವಾನಗಿ, ಮೆಡಿಕಲ್ ಫಿಸಿಸಿಸ್ಟ್ ಎಲ್ಲ ಬೇಕು. 10 ಲಕ್ಷ ಜನಕ್ಕೆ ಒಂದು ಯಂತ್ರ ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ 140 ಕೋಟಿ ಜನರಿಗೆ 1,400 ಯಂತ್ರ ಬೇಕು. ಇರೋದು ಅದಕ್ಕಿಂತ ಬಹಳ ಕಡಿಮೆ, ಅವೂ ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ನಮ್ಮ ಕಡೆ ಜನ 'ಕರೆಂಟ್ ಕೊಡೋದು' ಅನ್ನೋ ಈ ಚಿಕಿತ್ಸೆಗೆ ಆರು ವಾರ ಊರು ಬಿಟ್ಟು ಬಾಡಿಗೆ ಕೋಣೆ ಹಿಡಿಯಬೇಕು. ಜೊತೆಗೆ ಬಂದವರ ಕೂಲಿಯೂ ಹೋಯ್ತು.

ಇಷ್ಟು ಅಪರೂಪದ ರೋಗಕ್ಕೆ ಇಷ್ಟೆಲ್ಲ ಖರ್ಚೇ ಅಂತ ನೀವು ಕೇಳಬಹುದು. ಮರ್ಕೆಲ್ ರೋಗಿಗೆ ಪ್ರತ್ಯೇಕ ಯಂತ್ರ ಬೇಕಿಲ್ಲ. ಬಾಯಿ, ಗರ್ಭಕಂಠ, ಸ್ತನದ ಕ್ಯಾನ್ಸರ್‌ಗೆ ಬಳಸುವ ಯಂತ್ರವೇ ಸಾಕು. ಸಾವಿರಾರು ಜನರಿಗಾಗಿ ಹಾಕಿದ ಯಂತ್ರ ಆ ಒಬ್ಬರನ್ನೂ ಉಳಿಸಬಹುದು. ದುಬಾರಿ ಔಷಧಿ ಹಾಗಲ್ಲ, ಪ್ರತಿ ರೋಗಿಗೂ ಹೊಸದಾಗಿ ದುಡ್ಡು ಸುರಿಯಬೇಕು.

ತಂತ್ರಜ್ಞಾನಕ್ಕೆ ಹೊರದೇಶದತ್ತಲೇ ನೋಡಬೇಕಾಗಿಲ್ಲ. ಬಾಬಾ ಅಣು ಸಂಶೋಧನಾ ಕೇಂದ್ರ ರೂಪಿಸಿದ 'ಭಾಭಾಟ್ರಾನ್' ಕೋಬಾಲ್ಟ್ ಯಂತ್ರವನ್ನು ತಯಾರಿಸುವುದು ಬೆಂಗಳೂರಿನ ಪ್ಯಾನೇಶಿಯಾ ಕಂಪನಿ. ಡೇ ಕೇರ್ ಕೇಂದ್ರಗಳ ಪಟ್ಟಿ ಕೇಳುವ ನಮ್ಮ ಸಂಸದರು, ಯಾವ ಜಿಲ್ಲೆಗೆ ಯಾವ ವರ್ಷ ರೇಡಿಯೇಶನ್ ಬರುತ್ತೆ ಅನ್ನೋ ಪಟ್ಟಿಯನ್ನೂ ಕೇಳಲಿ.