ಗಡಿ ದಾಟುವ ಮಗಳ ಬುತ್ತಿಗಂಟು

ಬೈಕ್ ಹತ್ತಿ ತವಾಂಗ್‌ಗೆ ಹೋಗ್ತೀನಿ ಅಂತ ಮಗಳು ಹಟ ಹಿಡಿದರೆ ಏನು ಮಾಡ್ತೀರಿ, ಸೋದರಿಯರೇ? ನಮ್ಮ ಟಿ. ದಾಸರಹಳ್ಳಿಯಲ್ಲಿ ಪೀಣ್ಯದ ಕೆಲಸಕ್ಕೆ ಬೈಕಿನಲ್ಲೇ ಹೋಗುವ ಹುಡುಗಿಯರಿದ್ದಾರೆ. ನನ್ನ ಮಗಳೂ ಒಬ್ಬಳು. ಮನೆಯವರು ಬೇಡವೆಂದರು. ನಾನು, "ಮೊದಲು ಕಾಗದಪತ್ರ ತೋರಿಸು" ಅಂದೆ.

ಅರುಣಾಚಲ ನಮ್ಮ ದೇಶದ್ದೇ. ಆದರೂ ಹೊರರಾಜ್ಯದವರಿಗೆ ‘ಇನ್ನರ್ ಲೈನ್ ಪರ್ಮಿಟ್’ ಬೇಕು. ಬ್ರಿಟಿಷರು 1873ರಲ್ಲಿ ತಮ್ಮ ವ್ಯಾಪಾರಕ್ಕೆಂದು ಮಾಡಿದ ಕಟ್ಟಳೆ ಇದು. ಈಗ ಅಲ್ಲಿನ ಬುಡಕಟ್ಟು ಜನರ ನೆಲಕ್ಕೆ ಅದೇ ಬೇಲಿ. ಅರ್ಜಿಯನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಹಾಕಬಹುದು. ಗುರುತಿನ ಚೀಟಿಯಲ್ಲಿದ್ದ ಹಾಗೇ ಹೆಸರು ಬರೆಯಲಿ. ಭಾಲುಕ್‌ಪಾಂಗ್ ಗೇಟಿನಲ್ಲಿ ಪರ್ಮಿಟ್ ತೋರಿಸಬೇಕು. ಚೀನಾ ಗಡಿಯ ಬುಮ್ ಲಾಗೆ ಬೇರೆಯೇ ಅನುಮತಿ. ಅದನ್ನು ತವಾಂಗ್‌ನಲ್ಲಿ ಪಡೆಯಬೇಕು. ಲೈಸೆನ್ಸು, ಆರ್.ಸಿ., ವಿಮೆ, ಹೊಗೆ ತಪಾಸಣೆ ಚೀಟಿ ಎಲ್ಲದರ ನಕಲೂ ಜೊತೆಗಿರಲಿ. ಬೆಟ್ಟದಲ್ಲಿ ಫೋನು ಸತ್ತರೆ ಕಾಗದವೇ ಗತಿ.

ಸೇಲಾ ಕಣಿವೆ ಸುಮಾರು 13,700 ಅಡಿ ಎತ್ತರ. ಅವಸರದಲ್ಲಿ ಏರಿದರೆ ತಲೆನೋವು, ವಾಂತಿ ಬಂದೀತು. ಕೆಳಗಿನ ದಿರಾಂಗ್‌ನಲ್ಲಿ ತಂಗಿ, ಮೈ ಹೊಂದಿಸಿಕೊಂಡು ಹೋಗಲಿ.

ಇಷ್ಟನ್ನೂ ತಾನೇ ವಿಚಾರಿಸಿ ತಿಳಿದುಕೊಳ್ಳುವ ಮಗಳು ದಾರಿಯಲ್ಲೂ ಎಚ್ಚರ ತಪ್ಪಲಾರಳು. ಮನೆಯ ಪರ್ಮಿಟ್ಟಿಗೆ ನಮೂನೆ ಅರ್ಜಿ ಇಲ್ಲವಲ್ಲ, ಅಮ್ಮನೇ ಸಹಿ ಹಾಕಬೇಕು. ನಾನಂತೂ ಹಾಕಿದೆ, ಚಟ್ನಿಪುಡಿಯನ್ನೂ ಕಟ್ಟುತ್ತಿದ್ದೇನೆ.