ಬೆಳ್ಳಗಿರೋದೆಲ್ಲ ನ್ಯುಮೋನಿಯಾ ಅಲ್ಲ

"ಕುಯ್ಯಲೇಬೇಕಾ ಡಾಕ್ಟ್ರೇ, ಸ್ಕ್ಯಾನ್ ಮಾಡಿದ್ರೆ ಸಾಲಲ್ವಾ?" ಶವಾಗಾರದ ಮುಂದೆ ನಿಂತ ಮನೆಯವರ ಈ ಪ್ರಶ್ನೆಯಲ್ಲಿ ದಡ್ಡತನವೇನೂ ಇಲ್ಲ. ದೆಹಲಿಯ ಏಮ್ಸ್‌ನಲ್ಲಿ 2021ರಲ್ಲೇ ಶವವನ್ನು ಸಿಟಿ ಸ್ಕ್ಯಾನ್ ಮಾಡಿ ಸಾವಿನ ಕಾರಣ ಹುಡುಕುವ 'ವರ್ಚುವಲ್ ಅಟಾಪ್ಸಿ' ಶುರುವಾಯ್ತು. ಮುರಿದ ಮೂಳೆ, ಒಳಗೆ ಸಿಕ್ಕಿಕೊಂಡ ಗುಂಡು ಇದರಲ್ಲಿ ಚೆನ್ನಾಗಿ ಕಾಣುತ್ತೆ. ತೊಡಕು ಇರೋದು ಶ್ವಾಸಕೋಶದಲ್ಲಿ.

ನಾನು ಡಾಕ್ಟರ್ ಅಲ್ಲ, ಬಿಟಿಎಂ ಲೇಔಟ್‌ನಲ್ಲಿ ಕೂತು ಕೋಡ್ ಬರೆಯೋನು. ಆದ್ರೆ ಸಿಟಿ ಚಿತ್ರ ಅಂದ್ರೆ ಕೊನೆಗೆ ಅಂಕಿಗಳೇ ತಾನೆ? ಹೌನ್ಸ್‌ಫೀಲ್ಡ್ ಅನ್ನೋ ಅಳತೆಯಲ್ಲಿ ಗಾಳಿಗೆ ಮೈನಸ್ 1000, ನೀರಿಗೆ 0. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗಿರುತ್ತೆ. ಆ ಜಾಗಕ್ಕೆ ದ್ರವ ಬಂದಷ್ಟೂ ಬೆಳ್ಳಗಾಗುತ್ತೆ. ದ್ರವ ಎಲ್ಲಿಂದ ಬಂತು ಅಂತ ಅಂಕಿ ಹೇಳಲ್ಲ. ನ್ಯುಮೋನಿಯಾದ ಕೀವು, ಹೃದಯ ಸೋತಾಗ ತುಂಬಿದ ನೀರು, ಕೆರೆಯಲ್ಲಿ ಮುಳುಗಿದವರು ಕುಡಿದ ನೀರು, ಎಲ್ಲವೂ ಬಿಳಿ. ಸತ್ತ ಮೇಲೆ ರಕ್ತ ಕೆಳಕ್ಕಿಳಿಯೋದ್ರಿಂದ, ಅಂಗಾತ ಮಲಗಿಸಿದ ದೇಹದಲ್ಲಿ ಬೆನ್ನಿನ ಕಡೆಯ ಭಾಗ ಹೇಗೂ ಬೆಳ್ಳಗಿರುತ್ತೆ.

ಇದರ ಮೇಲೆ ಡ್ರಿಪ್. ಜೀವ ಉಳಿಸೋ ಪ್ರಯತ್ನದಲ್ಲಿ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿರ್ತಾರೆ. 1 ಲೀಟರ್‌ನಲ್ಲಿ ರಕ್ತನಾಳದೊಳಗೆ ಉಳಿಯೋದು ಸುಮಾರು ಕಾಲು ಭಾಗ. ಮಿಕ್ಕಿದ್ದು ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತೆ. ಸೋತ ಹೃದಯ ಮುಂದಕ್ಕೆ ತಳ್ಳದಿದ್ದರೆ ಶ್ವಾಸಕೋಶದಲ್ಲೂ ನಿಲ್ಲಬಹುದು. ಸ್ಕ್ಯಾನ್ ನೋಡಿದವರಿಗೆ ಅದು ಥೇಟ್ ರೋಗದ ಹಾಗೇ ಕಾಣಬಹುದು.

ಕೈಗೆ ಸಿಗೋದು ಬೇರೆ. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ಮೆಡಿಕಲ್ ಕಾಲೇಜಿನ ಡಾ. ದಿನೇಶ್ ರಾವ್ ಕೋವಿಡ್‌ನಿಂದ ತೀರಿಕೊಂಡ 62 ವರ್ಷದವರೊಬ್ಬರ ಪೋಸ್ಟ್‌ಮಾರ್ಟಮ್ ಮಾಡಿದ್ದು ಸುದ್ದಿಯಾಗಿತ್ತು. ಶ್ವಾಸಕೋಶ ಲೆದರ್ ಬಾಲ್ ಥರ ಗಟ್ಟಿಯಾಗಿತ್ತು ಅಂದಿದ್ರು ಅವರು. ನೀರು ತುಂಬಿದ ಶ್ವಾಸಕೋಶ ಒದ್ದೆ ಸ್ಪಂಜಿನ ಹಾಗೆ, ಕುಯ್ದರೆ ನೊರೆ ನೀರು ಬರುತ್ತೆ. ಮುಟ್ಟಿದ್ರೆ ಅಜಗಜಾಂತರ, ಸ್ಕ್ಯಾನ್‌ನಲ್ಲಿ ಎರಡೂ ಬಿಳಿ.

ಹಾಗಾಗಿ ಎಷ್ಟು ಸಲೈನ್ ಕೊಟ್ರು, ಯಾವಾಗ ಕೊಟ್ರು ಅನ್ನೋ ವಿವರ ಸ್ಕ್ಯಾನ್ ಓದುವವರ ಕೈಲಿರಬೇಕು. ಇಲ್ಲದಿದ್ರೆ ಲಾಗ್ ಕೊಡದೆ ಬರೀ ಸ್ಕ್ರೀನ್‌ಶಾಟ್ ಕಳಿಸಿ 'ಬಗ್ ಹುಡುಕು' ಅಂದ ಹಾಗೆ. ಆ ವರದಿಯ ಮೇಲೆ ವಿಮೆ, ಪೊಲೀಸ್ ಕೇಸು, ಮನೆಯವರ ಅನುಮಾನ ಎಲ್ಲ ನಿಂತಿರುತ್ತೆ. 'ಡ್ರಿಪ್ ಹಾಕಿಯೇ ಸಾಯಿಸಿದ್ರು' ಅನ್ನೋದಕ್ಕೂ ಆ ಬಿಳಿಯೊಂದೇ ಸಾಕ್ಷಿಯಾಗಲ್ಲ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದೆಲ್ಲ ಪೂರ್ತಿ ಇರೋದು ಕಮ್ಮಿ. ಐಸಿಯುನ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಸಮೇತ ಪೂರ್ತಿ ಫೈಲ್ ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮದಲ್ಲೇ ಇದೆ.