ಭಾರ ಹೆಚ್ಚಿದರೂ ಓಟ ಚುರುಕು

ಬಲ ಅಷ್ಟೇ ಇದ್ದು ದ್ರವ್ಯರಾಶಿ ಹೆಚ್ಚಿದರೆ ವೇಗೋತ್ಕರ್ಷ ಕಡಿಮೆಯಾಗಬೇಕು. ಇದು ನ್ಯೂಟನ್ನನ ಎರಡನೆಯ ನಿಯಮ. ಹೇರು ತುಂಬಿದ ಗಾಡಿಗಿಂತ ಬರಿಗಾಡಿಯನ್ನು ತಳ್ಳುವುದು ಸುಲಭ ಎಂಬುದು ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಹೀಗಿರುವಾಗ ಜರ್ಮನಿಯ ಪೋರ್ಷೆ ಕಂಪನಿ 2011ರಲ್ಲಿ ಹೊರತಂದ '911 ಕರೇರಾ ಎಸ್' ಎಂಬ ಸ್ಪೋರ್ಟ್ಸ್ ಕಾರಿನ ವಿವರಪತ್ರವನ್ನು ಓದಿದ ವಿದ್ಯಾರ್ಥಿ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಆ ಕಾರಿನಲ್ಲಿ 3.8 ಲೀಟರಿನ, 400 ಅಶ್ವಶಕ್ತಿಯ ಎಂಜಿನ್ ಇತ್ತು. ಕೈಯಿಂದ ಗೇರು ಬದಲಿಸುವ ಮಾದರಿಯ ತೂಕ 1,395 ಕಿಲೋಗ್ರಾಂ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಬೇಕಾಗುತ್ತಿದ್ದುದು 4.5 ಸೆಕೆಂಡು. ಅದೇ ಎಂಜಿನ್ನಿಗೆ ಹೆಚ್ಚಿನ ಹಣ ಕೊಟ್ಟು ಪಿಡಿಕೆ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆ ಹಾಕಿಸಿಕೊಂಡರೆ ಕಾರಿನ ತೂಕ 20 ಕಿಲೋಗ್ರಾಂ ಏರುತ್ತಿತ್ತು. ಆದರೆ ಸಮಯ 4.3 ಸೆಕೆಂಡಿಗೆ ಇಳಿಯುತ್ತಿತ್ತು! ಇನ್ನಷ್ಟು ಹಣ ತೆತ್ತು 'ಸ್ಪೋರ್ಟ್ ಕ್ರೋನೋ' ಎಂಬ ಹೆಚ್ಚುವರಿ ಸಲಕರಣೆಗಳ ಪ್ಯಾಕೇಜನ್ನೂ ಕೊಂಡರೆ 4.1 ಸೆಕೆಂಡು. ಎಂಜಿನ್ನಿನ ಅಶ್ವಶಕ್ತಿ ಮಾತ್ರ ಮೂರಕ್ಕೂ ಅದೇ 400.

ವಿಚಿತ್ರ ಇಲ್ಲಿಗೇ ಮುಗಿಯುವುದಿಲ್ಲ. ಇದರ ಕಡಿಮೆ ಬೆಲೆಯ ತಮ್ಮನಾದ ಬರಿಯ 'ಕರೇರಾ'ದಲ್ಲಿ 350 ಅಶ್ವಶಕ್ತಿಯ ಎಂಜಿನ್ ಇತ್ತು. ಅದರ ಸಮಯಗಳು ಇದೇ ಕ್ರಮದಲ್ಲಿ 4.8, 4.6 ಮತ್ತು 4.4 ಸೆಕೆಂಡು. ಅಂದರೆ ಸ್ವಯಂಚಾಲಿತ ಗೇರು ಮತ್ತು ಪ್ಯಾಕೇಜು ಎರಡೂ ಇದ್ದ ತಮ್ಮ, ಕೈಗೇರಿನ ಅಣ್ಣನನ್ನು 0.1 ಸೆಕೆಂಡಿನಿಂದ ಹಿಂದೆ ಹಾಕುತ್ತಿದ್ದ. ಐವತ್ತು ಕುದುರೆಗಳು ಎಲ್ಲಿ ಹೋದವು?

ನ್ಯೂಟನ್ ತಪ್ಪಿಲ್ಲ. ಅವನ ನಿಯಮದಲ್ಲಿ ಬರುವ ಬಲ ಎಂಜಿನ್ನಿನ ಒಳಗಿನ ಬಲವಲ್ಲ, ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುವ ಬಲ. ಈ ಎರಡರ ನಡುವೆ ಕ್ಲಚ್ಚು, ಗೇರು, ಟೈರು ಎಂಬ ಮೂವರು ಮಧ್ಯಸ್ಥರಿದ್ದಾರೆ.

ಮಧ್ಯಸ್ಥರು ಎಷ್ಟು ನುಂಗುತ್ತಾರೆ ಎಂಬುದನ್ನು ಪ್ರೌಢಶಾಲೆಯ ಗಣಿತದಿಂದಲೇ ಕಂಡುಹಿಡಿಯಬಹುದು. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. 1,395 ಕಿಲೋಗ್ರಾಂ ಕಾರಿಗೆ ಅದು ಸುಮಾರು 5 ಲಕ್ಷ 40 ಸಾವಿರ ಜೂಲ್. ಇದನ್ನು 4.5 ಸೆಕೆಂಡಿನಿಂದ ಭಾಗಿಸಿದರೆ 1 ಲಕ್ಷ 20 ಸಾವಿರ ವಾಟ್, ಎಂದರೆ ಸುಮಾರು 163 ಅಶ್ವಶಕ್ತಿ. ಕಾರಿನಲ್ಲಿ ಕಟ್ಟಿದ ಕುದುರೆಗಳು 400, ಈ ಓಟದಲ್ಲಿ ಸರಾಸರಿ ದುಡಿದವು 163. ಗಾಳಿಯ ತಡೆ, ಗೇರುಗಳ ಘರ್ಷಣೆ, ಚಕ್ರಗಳನ್ನು ತಿರುಗಿಸಲು ಬೇಕಾದ ಶಕ್ತಿ ಇವನ್ನೆಲ್ಲ ಸೇರಿಸಿದರೂ ಅರ್ಧಕ್ಕರ್ಧ ಕುದುರೆಗಳು ಲಾಯದಲ್ಲೇ ಉಳಿದಂತೆ.

ಮೊದಲ ತಡೆ ಟೈರಿನದು. ಸಾಮರ್ಥ್ಯವನ್ನು ವೇಗದಿಂದ ಭಾಗಿಸಿದರೆ ಬಲ ಸಿಗುತ್ತದೆ. ಕಾರು ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದಾಗ 400 ಅಶ್ವಶಕ್ತಿಯನ್ನು, ಅಂದರೆ 2 ಲಕ್ಷ 94 ಸಾವಿರ ವಾಟನ್ನು, ಪೂರ್ತಿ ಚಕ್ರಕ್ಕೆ ಕೊಟ್ಟರೆ 29,400 ನ್ಯೂಟನ್ ಬಲ ಬರಬೇಕು. ಇದು ಕಾರಿನ ತೂಕದ ಎರಡರಷ್ಟಕ್ಕೂ ಹೆಚ್ಚು. ಸಾಮಾನ್ಯ ರಸ್ತೆ ಟೈರಿನ ಘರ್ಷಣಬಲ ಅದರ ಮೇಲೆ ಬೀಳುವ ಭಾರವನ್ನು ಹೆಚ್ಚೇನೂ ಮೀರಲಾರದು. ಅದಕ್ಕಿಂತ ಹೆಚ್ಚು ಒತ್ತಿದರೆ ಚಕ್ರ ಇದ್ದಲ್ಲೇ ಗಿರಗಿರ ತಿರುಗಿ ರಬ್ಬರು ಸುಡುತ್ತದೆ. ಹಾಗಾಗಿ ಹೊರಡುವ ಹೊತ್ತಿಗೆ 350 ಅಶ್ವಶಕ್ತಿಯೂ ಹೆಚ್ಚೇ, 400 ಕೂಡ ಹೆಚ್ಚೇ. 911ರ ಎಂಜಿನ್ ಹಿಂಭಾಗದಲ್ಲಿ ಇರುವುದರಿಂದ ತಳ್ಳುವ ಹಿಂಚಕ್ರಗಳ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ. ಹೊರಡುವಾಗ ಕಾರು ಹಿಂದಕ್ಕೆ ವಾಲಿ ಆ ಭಾರ ಇನ್ನೂ ಹೆಚ್ಚುತ್ತದೆ. ಬೇರೆ ಜಾಗದಲ್ಲಿ ಎಂಜಿನ್ ಇಟ್ಟವರಿಗೆ ಈ ಭಾಗ್ಯ ಇಷ್ಟು ಸುಲಭವಾಗಿ ದಕ್ಕುವುದಿಲ್ಲ.

ಎರಡನೆಯದು ಗೇರು. ಕೈಗೇರಿನ ಕಾರಿನಲ್ಲಿ ಒಂದರಿಂದ ಎರಡಕ್ಕೆ ಹೋಗಬೇಕಾದರೆ ಕ್ಲಚ್ಚು ತುಳಿಯಬೇಕು, ಕಡ್ಡಿ ಎಳೆಯಬೇಕು, ಮತ್ತೆ ಕ್ಲಚ್ಚು ಬಿಡಬೇಕು. ಅಷ್ಟು ಹೊತ್ತೂ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದಿರುತ್ತದೆ. ಕಾರು ಹಿಂದಿನ ರಭಸದ ಮೇಲೆ ತೇಲುತ್ತಿರುತ್ತದೆ, ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಪಿಡಿಕೆ ಪೆಟ್ಟಿಗೆಯಲ್ಲಿ ಕ್ಲಚ್ಚುಗಳು ಎರಡು. ಒಂದು, ಮೂರು, ಐದು, ಏಳನೆಯ ಗೇರುಗಳು ಒಂದು ಕ್ಲಚ್ಚಿನ ಕೈಕೆಳಗೆ, ಎರಡು, ನಾಲ್ಕು, ಆರನೆಯವು ಇನ್ನೊಂದರ ಕೈಕೆಳಗೆ. ಕಾರು ಒಂದನೆಯ ಗೇರಿನಲ್ಲಿ ಓಡುತ್ತಿರುವಾಗಲೇ ಎರಡನೆಯದು ಹಲ್ಲು ಕೂಡಿಸಿಕೊಂಡು ಸಿದ್ಧವಾಗಿ ನಿಂತಿರುತ್ತದೆ. ಒಂದು ಕ್ಲಚ್ಚು ಬಿಡುತ್ತಿರುವಂತೆಯೇ ಇನ್ನೊಂದು ಹಿಡಿಯುತ್ತದೆ. ಶಾಲೆಯ ರಿಲೇ ಓಟದಲ್ಲಿ ಕೋಲು ಪಡೆಯುವ ಹುಡುಗ ಮೊದಲೇ ಓಡತೊಡಗಿ ಕೈ ಹಿಂದಕ್ಕೆ ಚಾಚುವುದಿಲ್ಲವೇ, ಹಾಗೆ. ಬಲ ಕಡಿಯುವುದೇ ಇಲ್ಲ ಎನ್ನುವಷ್ಟು ಸಲೀಸು. ಹೆಚ್ಚಿದ 20 ಕಿಲೋಗ್ರಾಂ ಎಂದರೆ ಕಾರಿನ ತೂಕದ ಶೇಕಡಾ ಒಂದೂವರೆಯಷ್ಟೇ. ಅದರಿಂದಾಗುವ ನಷ್ಟವನ್ನು ಈ ಒಂದು ಲಾಭ ತೀರಿಸಿ ಇನ್ನೂ ಉಳಿಸುತ್ತದೆ.

ಸ್ವಯಂಚಾಲಿತ ಗೇರು ಯಾವಾಗಲೂ ಹೀಗೆ ಚುರುಕಾಗಿರಲಿಲ್ಲ. 1990ರ ಸುಮಾರಿನ 911 ಕರೇರಾ 2 ಕಾರು ಕೈಗೇರಿನಲ್ಲಿ 5.7 ಸೆಕೆಂಡು ತೆಗೆದುಕೊಂಡರೆ, ಟಿಪ್ಟ್ರಾನಿಕ್ ಎಂಬ ಅಂದಿನ ಸ್ವಯಂಚಾಲಿತ ಗೇರಿನಲ್ಲಿ 6.6 ತೆಗೆದುಕೊಳ್ಳುತ್ತಿತ್ತು. ಆ ಪೆಟ್ಟಿಗೆಯಲ್ಲಿ ನಾಲ್ಕೇ ಗೇರು. ಜೊತೆಗೆ ಕ್ಲಚ್ಚಿನ ಬದಲು ಎಣ್ಣೆಯನ್ನು ಕಲಕಿ ಶಕ್ತಿ ದಾಟಿಸುವ ಏರ್ಪಾಡು, ಎಣ್ಣೆ ಬಿಸಿಯಾದಷ್ಟೂ ಶಕ್ತಿ ಪೋಲು. ಎರಡು ಕ್ಲಚ್ಚಿನ ಪೆಟ್ಟಿಗೆಯನ್ನು ಪೋರ್ಷೆ 1980ರ ದಶಕದಲ್ಲೇ ರೇಸು ಕಾರುಗಳಲ್ಲಿ ಪರೀಕ್ಷಿಸಿತ್ತು. ಮಾರಾಟದ 911ಕ್ಕೆ ಅದು ಬಂದದ್ದು 2008ರಲ್ಲಿ. ಅದಕ್ಕೂ ಮೊದಲೇ, 2003ರಲ್ಲಿ, ಫೋಕ್ಸ್‌ವ್ಯಾಗನ್ ತನ್ನ ಗಾಲ್ಫ್ ಕಾರಿನಲ್ಲಿ ಇಂಥದನ್ನು ಅಳವಡಿಸಿತ್ತು.

ಇನ್ನು ಸ್ಪೋರ್ಟ್ ಕ್ರೋನೋ ಪ್ಯಾಕೇಜು. ಕಣ್ಣಿಗೆ ಕಾಣುವುದು ಚಾಲಕನ ಮುಂದಿನ ಹಲಗೆಯ ಮೇಲೊಂದು ಗಡಿಯಾರ ಮತ್ತು 'ಸ್ಪೋರ್ಟ್ ಪ್ಲಸ್' ಎಂಬ ಗುಂಡಿ. ಗಡಿಯಾರದಿಂದ ಕಾರು ಓಡುವುದಿಲ್ಲ ತಾನೆ! ಕೆಲಸ ಮಾಡುವುದು ಗುಂಡಿಯ ಹಿಂದಿನ ಕಂಪ್ಯೂಟರ್ ಲೆಕ್ಕ. ಈ ಎಂಜಿನ್ 400 ಅಶ್ವಶಕ್ತಿ ಕೊಡುವುದು ನಿಮಿಷಕ್ಕೆ 7,400 ಸುತ್ತು ತಿರುಗುವಾಗ. ನಿಂತ ಕಾರಿನಲ್ಲಿ ಅದು ಮೆಲ್ಲಗೆ ಗುರುಗುಡುತ್ತಿರುವಾಗ ಅದರ ಸಣ್ಣ ಪಾಲೂ ಸಿಗದು. ಸ್ಪೋರ್ಟ್ ಪ್ಲಸ್ ಒತ್ತಿ, ಎಡಗಾಲಿನಿಂದ ಬ್ರೇಕನ್ನೂ ಬಲಗಾಲಿನಿಂದ ಆಕ್ಸಿಲರೇಟರನ್ನೂ ಪೂರ್ತಿ ತುಳಿದರೆ, ಕಾರು ನಿಂತಲ್ಲೇ ನಿಂತು ಎಂಜಿನ್ ಮೇಲಿನ ಸುತ್ತುಗಳಿಗೆ ಏರಿ ಕಾಯುತ್ತದೆ. ಬ್ರೇಕು ಬಿಟ್ಟ ಕ್ಷಣ ಕಂಪ್ಯೂಟರು ಕ್ಲಚ್ಚನ್ನು ಜಾರಿಸುತ್ತ, ಟೈರು ಹಿಡಿತ ತಪ್ಪುವ ಅಂಚಿನಲ್ಲೇ ಬಲವನ್ನು ಹಿಡಿದಿಡುತ್ತದೆ. ಉಳಿಯುವ 0.2 ಸೆಕೆಂಡು ಬಹುಮಟ್ಟಿಗೆ ಈ ಹೊರಡುವ ಗಳಿಗೆಯದು. ಓಡುತ್ತಿರುವ ಕಾರಿಗೆ ಇದರಿಂದ ಆಗುವ ಉಪಕಾರ ಅಲ್ಪ. ಹಾಗೆಂದು ಇದು ಊರ ರಸ್ತೆಯ ಸಿಗ್ನಲ್ಲಿನಲ್ಲಿ ಮಾಡುವ ಕೆಲಸವೂ ಅಲ್ಲ.

ಕೈಗೇರಿನ 4.5 ಸೆಕೆಂಡು ಪಳಗಿದ ಚಾಲಕನ ಅಂಕಿ ಎಂಬುದನ್ನೂ ಗಮನಿಸಬೇಕು. ಕೊಂಡವರು ಓಡಿಸಿದರೆ ಅದು ಐದೂ ಆದೀತು. ಸ್ವಯಂಚಾಲಿತದ ಅಂಕಿಯಾದರೋ ಯಾರು ಕುಳಿತರೂ ಹೆಚ್ಚುಕಡಿಮೆ ಅದೇ. ವಿವರಪತ್ರದಲ್ಲಿ ಅಕ್ಕಪಕ್ಕ ಅಚ್ಚಾದ ಎರಡು ಅಂಕಿಗಳಲ್ಲಿ ಒಂದು ಮನುಷ್ಯನದು, ಇನ್ನೊಂದು ಯಂತ್ರದ್ದು.

ಹಾಗಾದರೆ ಆ 50 ಕುದುರೆಗಳು ದಂಡವೇ? ಅಲ್ಲ. ವೇಗ ಹೆಚ್ಚಿದಂತೆ ಟೈರಿನ ತಡೆ ಹಿಂದೆ ಸರಿದು ಗಾಳಿಯ ತಡೆ ಮುಂದೆ ಬರುತ್ತದೆ. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. 400ನ್ನು 350ರಿಂದ ಭಾಗಿಸಿ ಘನಮೂಲ ತೆಗೆದರೆ 1.045 ಬರುತ್ತದೆ. ಕೈಗೇರಿನ ಕರೇರಾದ ಪರಮಾವಧಿ ವೇಗ ಗಂಟೆಗೆ 289 ಕಿಲೋಮೀಟರ್, ಇದನ್ನು 1.045ರಿಂದ ಗುಣಿಸಿದರೆ ಸುಮಾರು 302. ಕೈಗೇರಿನ ಕರೇರಾ ಎಸ್‌ಗೆ ಕಂಪನಿ ಕೊಟ್ಟಿದ್ದ ಅಂಕಿ 304! ಕಾಗದದ ಮೇಲಿನ ಲೆಕ್ಕ ಇಷ್ಟು ಹತ್ತಿರ ಬರುವುದು ಅಪರೂಪ. ಅಣ್ಣನ ದೊಡ್ಡಸ್ತಿಕೆ ಇರುವುದು ಅಲ್ಲಿ, ಸ್ಪರ್ಧೆಯ ಹಾದಿಯ ಆಚೆ ತುದಿಯಲ್ಲಿ.

ಎರಡು ಕಾರುಗಳ ಅಂಕಿಗಳನ್ನು ಹೋಲಿಸಿ ವಾದಕ್ಕಿಳಿಯುವ ಹುಡುಗರು ಅಳತೆಯ ರೀತಿಯನ್ನೂ ವಿಚಾರಿಸಬೇಕು. ಅಮೆರಿಕದಲ್ಲಿ ಅಳೆಯುವುದು ಗಂಟೆಗೆ 60 ಮೈಲಿಯವರೆಗೆ, ಅಂದರೆ 96.6 ಕಿಲೋಮೀಟರಿನವರೆಗೆ ಮಾತ್ರ. ಜೊತೆಗೆ, ಅಲ್ಲಿನ ಹಲವು ಪತ್ರಿಕೆಗಳು ಕಾರು ಮೊದಲ ಒಂದು ಅಡಿ ಉರುಳಿದ ಮೇಲೆ ಗಡಿಯಾರ ಶುರು ಮಾಡುತ್ತವೆ. ಡ್ರ್ಯಾಗ್ ರೇಸಿನ ಅಳತೆಯಿಂದ ಬಂದ ವಾಡಿಕೆ ಇದು. ಒಂದು ಅಡಿ ಯಾವ ಲೆಕ್ಕ ಎನ್ನಬೇಡಿ. ಸೆಕೆಂಡಿಗೆ 6.8 ಮೀಟರಿನಂತೆ ಪ್ರತಿ ಸೆಕೆಂಡೂ ವೇಗ ಹೆಚ್ಚುವ ಕಾರು ಮೊದಲ 30 ಸೆಂಟಿಮೀಟರ್ ಸಾಗಲು 0.3 ಸೆಕೆಂಡು ತೆಗೆದುಕೊಳ್ಳುತ್ತದೆ. ದೂರದ ಎರಡರಷ್ಟನ್ನು ವೇಗೋತ್ಕರ್ಷದಿಂದ ಭಾಗಿಸಿ ವರ್ಗಮೂಲ ತೆಗೆದು ನೋಡಿ. ಹಣ ಕೊಟ್ಟು ಕೊಂಡ ಪ್ಯಾಕೇಜು ಉಳಿಸಿದ್ದು 0.2 ಸೆಕೆಂಡು, ಗಡಿಯಾರವನ್ನು ತಡವಾಗಿ ಒತ್ತಿದವನು ಪುಕ್ಕಟೆಯಾಗಿ ಉಳಿಸಿದ್ದು 0.3. ಟೆಸ್ಲಾದ ಮಾಡೆಲ್ ಎಸ್ ಪ್ಲ್ಯಾಡ್ ಕಾರಿನ ಹೆಸರಾದ 1.99 ಸೆಕೆಂಡು ಕೂಡ ಈ ಒಂದು ಅಡಿಯನ್ನು ಕಳೆದು ಹೇಳಿದ ಅಂಕಿ.

ಗಡಿಯಾರಕ್ಕೆ ಬೆನ್ನು ಹಾಕಿದ ಉದಾಹರಣೆಯೂ ಇದೇ ಮನೆತನದಲ್ಲಿದೆ. 500 ಅಶ್ವಶಕ್ತಿಯ ಒಂದೇ ಎಂಜಿನ್ನನ್ನು ಪೋರ್ಷೆ 911 ಜಿಟಿ3 ಆರ್‌ಎಸ್‌ಗೂ, 2016ರಲ್ಲಿ ಬಂದ 911 ಆರ್‌ಗೂ ಹಾಕಿತು. ಮೊದಲನೆಯದಕ್ಕೆ ಪಿಡಿಕೆ ಮಾತ್ರ, ತೂಕ 1,420 ಕಿಲೋಗ್ರಾಂ, 3.3 ಸೆಕೆಂಡು. ಎರಡನೆಯದಕ್ಕೆ ಕೈಗೇರು ಮಾತ್ರ, ತೂಕ 1,370, 3.8 ಸೆಕೆಂಡು. ಆರ್‌ಎಸ್‌ನ ಟೈರುಗಳು ಅಗಲ, ಗೇರುಗಳ ಅನುಪಾತವೂ ಬೇರೆ, ಹಾಗಾಗಿ ಈ ಅರ್ಧ ಸೆಕೆಂಡನ್ನೆಲ್ಲ ಗೇರುಪೆಟ್ಟಿಗೆಯ ಖಾತೆಗೇ ಬರೆಯುವಂತಿಲ್ಲ. ನಿಧಾನದ ಆ 911 ಆರ್ ಕಾರನ್ನು ಕಂಪನಿ ಮಾಡಿದ್ದು 991 ಮಾತ್ರ. ಕೊಂಡವರು ಕೈ ಬದಲಿಸಿದಾಗ ಅದರ ಬೆಲೆ ಮೂಲ ಬೆಲೆಯನ್ನು ಎಷ್ಟೋ ಮೀರಿ ಹೋಯಿತು.